ಗೂಳಪ್ಪನಿಗೆ ದನಿಯಾದವಳು

ಬನಹಟ್ಟಿಯ ನೇಕಾರ ಚನಮಲ್ಲಪ್ಪನ ಮನೆಗೂ ಪಕ್ಕದ ನೂಲಿನ ಗೋದಾಮಿಗೂ ನಡುವೆ ಒಂದೇ ಗೋಡೆ. ಒಂದು ಬೇಸಿಗೆಯಲ್ಲಿ ಆ ಗೋದಾಮನ್ನು ಶಿವಯೋಗೆಪ್ಪನ ನಾಟಕ ಕಂಪನಿ ತಾಲೀಮಿಗೆ ಹಿಡಿಯಿತು. ಗೋಡೆಯ ಈಚೆ ಚನಮಲ್ಲಪ್ಪನ ತಂಗಿ ಕಸ್ತೂರೆವ್ವ ದಿನವಿಡೀ ರಾಟೆಗೆ ಕೂತು ಮಗ್ಗದ ಲಾಳಿಗೆ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ಮನೆಮನೆಗೂ ಸಾವು ತಂದ ಮಾನಮೋಡಿ ಜ್ವರದ ವರ್ಷ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಈಗ ಮೂವತ್ತರ ಹತ್ತಿರ. ಓದಲು ಬಾರದು, ಆದರೆ ಕಿವಿಗೆ ಬಿದ್ದದ್ದನ್ನು ಮರೆಯುವವಳಲ್ಲ. ತಿಂಗಳು ಕಳೆಯುವಷ್ಟರಲ್ಲಿ ನಾಟಕದ ಮಾತೆಲ್ಲ ಅವಳ ಬಾಯಲ್ಲಿತ್ತು.

ಕಂಪನಿಯಲ್ಲಿ ಹೆಣ್ಣಿನ ಪಾತ್ರ ಮಾಡುತ್ತಿದ್ದವನು ಸಾವಳಗಿಯ ಗೂಳಪ್ಪ. ಮಗನನ್ನು ಕಳೆದುಕೊಂಡ ರಾಣಿಯಾಗಿ ಅವನು ಸೆರಗು ಸರಿಪಡಿಸಿಕೊಂಡು ಎರಡು ಹೆಜ್ಜೆ ಇಟ್ಟರೆ ಸಾಕು, ಹೆಂಗಸರೇ ಬಿಟ್ಟಕಣ್ಣಿನಿಂದ ನೋಡುತ್ತಿದ್ದರು. ಆ ವರ್ಷ ಅವನ ಗಂಟಲು ಕೆಟ್ಟಿತು. ಕಷಾಯ ಕುಡಿದ, ಮಿರಜಿನ ಆಸ್ಪತ್ರೆಗೆ ಹೋಗಿ ತೋರಿಸಿಕೊಂಡು ಬಂದ. ದನಿ ಮಾತ್ರ ಒಣಗಿದ ಸೋರೆಬುರುಡೆಯನ್ನು ಕೆರೆದಂತೆ ಹೊರಡುತ್ತಿತ್ತು.

ಒಂದು ಮಧ್ಯಾಹ್ನ ಶಿವಯೋಗೆಪ್ಪ ಖಾಲಿ ಗೋದಾಮಿನಲ್ಲಿ ತಲೆಯ ಮೇಲೆ ಕೈಹೊತ್ತು ಕೂತಿದ್ದಾಗ ಗೋಡೆಯಾಚೆಯಿಂದ ರಾಣಿಯ ಮಾತು ಕೇಳಿಸಿತು. ರಾಟೆಯ ಸದ್ದಿನ ನಡುವೆ ಒಬ್ಬ ಹೆಂಗಸು, ಅಳದೆ, ಸಾವಕಾಶವಾಗಿ, ಸತ್ತ ಮಗನನ್ನು ಊಟಕ್ಕೆ ಕರೆಯುತ್ತಿದ್ದಳು. ಶಿವಯೋಗೆಪ್ಪ ಎದ್ದು ನೇರವಾಗಿ ಚನಮಲ್ಲಪ್ಪನ ಮನೆಗೆ ಬಂದ. ರಂಗದ ಮೇಲೆ ಗೂಳಪ್ಪ ನಿಲ್ಲುತ್ತಾನೆ, ಪಕ್ಕದ ಪರದೆಯ ಮರೆಯಲ್ಲಿ ನಿಂತು ತಂಗಿ ಮಾತಾಡಲಿ ಎಂದು ಕೇಳಿದ.

"ನಮ್ಮ ಮನಿ ಹೆಣ್ಣಮಗಳು ನಾಟಕದಾಗ?" ಚನಮಲ್ಲಪ್ಪ ಮಗ್ಗದ ಕುಣಿಯಿಂದ ಮೇಲೇಳಲೇ ಇಲ್ಲ. "ಮಂದಿ ಏನಂದಾರ್ರೀ?"

"ಮಂದಿ ನನ್ನ ಕಂಡರ ತಾನ ಅನ್ನೂದು," ಎಂದಳು ಕಸ್ತೂರೆವ್ವ. ಅಣ್ಣನ ಎದುರು ಅವಳು ಹಾಗೆ ಬಾಯಿ ತೆರೆದದ್ದು ಅದೇ ಮೊದಲು.

ಬನಹಟ್ಟಿಯ ಆಟಗಳಿಗೆ ಮಾತ್ರ ಎಂದು ಚನಮಲ್ಲಪ್ಪ ಒಪ್ಪಿದ. ಆದರೆ ಗೂಳಪ್ಪನಿಗೇ ಅದು ಸೇರಲಿಲ್ಲ. ಬೇಕೆಂದೇ ಅವಳ ಮಾತಿಗಿಂತ ಮುಂಚೆ ಬಾಯಿ ತೆರೆಯುತ್ತಿದ್ದ, ಮಾತು ಮುಗಿಯುವ ಮೊದಲೇ ಮುಚ್ಚುತ್ತಿದ್ದ. ಕಸ್ತೂರೆವ್ವ ದೂರು ಹೇಳಲಿಲ್ಲ. ಅವನ ಬೆನ್ನನ್ನು ನೋಡುತ್ತ ನಿಂತಳು. ನಾಲ್ಕನೆಯ ದಿನ ಅವಳಿಗೊಂದು ಗೊತ್ತಾಯಿತು. ಮಾತಿಗೆ ಮೊದಲು ಗೂಳಪ್ಪ ಉಸಿರೆಳೆದುಕೊಂಡಾಗ ಅವನ ಬಲಭುಜ ಒಂದಿಷ್ಟು ಮೇಲೇಳುತ್ತಿತ್ತು. ಅದೇ ಹೊತ್ತಿಗೆ ಅವಳೂ ಉಸಿರೆಳೆದಳು. ಅವನು ಎಷ್ಟು ಅವಸರ ಮಾಡಿದರೂ ಮಾತು ಅವನ ತುಟಿಯ ಮೇಲೆಯೇ ಬಿತ್ತು.

ಗೂಳಪ್ಪ ತಿರುಗಿ ನೋಡಿದ. "ಹ್ಯಾಂಗ ಹಿಡದಿಬೇ?" ಎಂದು ಕೇಳಿದ, ಆ ಕೆರೆದ ದನಿಯಲ್ಲಿ.

"ನಿನ್ನ ಹೆಗಲ ಹೇಳತೈತಿ."

ಆವತ್ತಿನಿಂದ ಅವನು ಅವಸರ ಮಾಡಲಿಲ್ಲ. ಆಟದಲ್ಲಿ ಅವಳಿರುವ ಎಡಬದಿಗೇ ನಿಲ್ಲತೊಡಗಿದ. ಅದು ಅವನ ಹೊಸ ಧಾಟಿ ಎಂದು ಜನ ತಿಳಿದರು. ಗೂಳಪ್ಪನ ಗಂಟಲು ಗುಣವಾಗಿದೆ, ಮೊದಲಿಗಿಂತ ಛಲೋ ಆಗಿದೆ ಎಂದು ರಬಕವಿಯವರೆಗೆ ಸುದ್ದಿಯಾಯಿತು.

ಮಳೆಗಾಲ ಮುಗಿದು ಕಂಪನಿ ಮುಧೋಳಕ್ಕೆ ಹೊರಟಿತು. ಚನಮಲ್ಲಪ್ಪ ಬಾಗಿಲಲ್ಲಿ ನಿಂತ. "ಇವತ್ತ ಹ್ವಾದ್ರ ಹೊಳ್ಳಿ ಬರಬ್ಯಾಡ. ಇಲ್ಲಿ ನಿನಗೇನ ಕಡಿಮಿ ಆಗೇತಿ?"

"ಏನೂ ಕಡಿಮಿ ಆಗಿಲ್ಲಣ್ಣ," ಎಂದಳು ಅವಳು. "ಖರೆ, ಇಷ್ಟ ದಿನ ನಾ ಆಡಿದ್ದು ಯಾರಿಗಿ ಬೇಕಾಗಿತ್ತು ಹೇಳು? ಈಗ ಎಂಟನೂರ ಮಂದಿ ಉಸರ ಬಿಗಿ ಹಿಡದ ಕೇಳತಾರ. ಇದ ನನ್ನ ಕೆಲಸ. ಇದನ್ನ ಮಾಡ್ಕೋತ ಇರತೇನಿ."

ಒಂದು ಗಂಟು ಬಟ್ಟೆ ಹಿಡಿದು ಕಂಪನಿಯ ಗಾಡಿ ಹತ್ತಿದಳು. ಶಿವಯೋಗೆಪ್ಪನ ಹೆಂಡತಿ ಮಾದೇವಿ ತನ್ನ ಬಿಡಾರದಲ್ಲೇ ಅವಳಿಗೆ ಜಾಗ ಕೊಟ್ಟಳು. ಎರಡು ವರ್ಷ ಕಳೆದ ಮೇಲೆ ಚನಮಲ್ಲಪ್ಪ ನಾಗರಪಂಚಮಿಗೆ ಕರೆಯಲು ಬಂದನಾದರೂ ಅಂದು ಆಟವಿತ್ತು. ಅವಳು ಬರಲಾಗದೆಂದಳು. ಅವನು ತಾನು ತಂದಿದ್ದ ಉಂಡಿಯ ಡಬ್ಬಿ ಕೊಟ್ಟು ಊರಿಗೆ ಹೊರಟ.

ಮೂರನೆಯ ವರ್ಷ ಜಮಖಂಡಿಯಲ್ಲಿ ಸಂಸ್ಥಾನದ ಅಧಿಕಾರಿ ತಾತ್ಯಾಸಾಹೇಬರು ಆಟ ನೋಡಲು ಬಂದರು. ರಾಣಿಯ ಮಾತು ಮುಗಿದಾಗ ಅವರು ಕಣ್ಣೊರೆಸಿಕೊಂಡರು. ಕೊನೆಗೆ ರಂಗದ ಮೇಲೆ ಹತ್ತಿ ಗೂಳಪ್ಪನಿಗೆ ಶಾಲು ಹೊದಿಸಿ, ಜನರತ್ತ ತಿರುಗಿ, "ಗೂಳಪ್ಪ, ಎರಡು ಮಾತು ಹೇಳ್ರಿ" ಎಂದರು.

ಬಾಯಿ ತೆರೆದರೆ ಎಲ್ಲವೂ ಬಯಲು. ಗೂಳಪ್ಪ ತಲೆ ಬಾಗಿಸಿ, ಕೈಮುಗಿದು, ಮೆಲ್ಲಗೆ ಎಡಕ್ಕೆ ಸರಿದ. ಅವನ ಬಲಭುಜ ಮೇಲೆದ್ದಿತು.

ಯಾರೂ ಬರೆದುಕೊಡದ ಮಾತು ಅದು. ಕಸ್ತೂರೆವ್ವ ಉಸಿರೆಳೆದುಕೊಂಡು ಶುರುಮಾಡಿದಳು. ಈ ಶಾಲು ತನ್ನೊಬ್ಬನದಲ್ಲ, ಪರದೆ ಎಳೆಯುವವನದು, ಹಾರ್ಮೋನಿಯಂ ಪೆಟ್ಟಿಗೆ ಬಾರಿಸುವವನದು, ದೀಪ ಕಾಯುವವನದು, ಕಂಪನಿಗೆ ಅನ್ನ ಬೇಯಿಸುವ ಮಾದೇವಿಯವ್ವನದು ಎಂದಳು. ಗೂಳಪ್ಪನ ತುಟಿಗಳು ತಡವರಿಸುತ್ತ ಹಿಂಬಾಲಿಸಿದವು. ಜನ ಅದನ್ನು ನಡುಕವೆಂದುಕೊಂಡು ಇನ್ನಷ್ಟು ಚಪ್ಪಾಳೆ ತಟ್ಟಿದರು.

ಮರುದಿನ ಮುಂಜಾನೆ ಗೂಳಪ್ಪ ಅವಳ ಮುಂದೆ ಬಂದು ನಿಂತ. "ಎಲ್ಲಾರನೂ ಹೇಳಿದಿ. ನಿನ್ನ ಯಾಕ ಬಿಟ್ಟಿ?"

"ನಿನ್ನ ಬಾಯಾಗ ನಿಂತು ನನ್ನ ನಾನ ಹೊಗಳಿಕೊಳ್ಳಾಕ ಬರತೈತೇನು?"

ಗೂಳಪ್ಪ ಆ ಶಾಲನ್ನು ಮುಂದೆಂದೂ ಹೊದೆಯಲಿಲ್ಲ.

ಮತ್ತೆ ಮೂರು ವರ್ಷ ಹೀಗೇ ನಡೆಯಿತು. ಆಮೇಲೆ ಗೂಳಪ್ಪನ ಗಂಟಲಲ್ಲಿ ಗಡ್ಡೆ ಎದ್ದು ಕಾಣತೊಡಗಿತು. ಇದ್ದಷ್ಟು ದನಿಯೂ ಹೋಯಿತು, ಅನ್ನ ಇಳಿಯದಾಯಿತು. ಕಂಪನಿ ಆಗ ಜಮಖಂಡಿಯಲ್ಲಿತ್ತು. ಸಾವಳಗಿಗೆ ಹೇಳಿಕಳಿಸಿದರು. ಅವನ ತಾಯಿ ಶಿವವ್ವ ಗಾಡಿ ಕಟ್ಟಿಸಿಕೊಂಡು, ಕೃಷ್ಣೆಯನ್ನು ನಾವೆಯಲ್ಲಿ ದಾಟಿ ಬಂದಳು. ಅವಳಿಗೆ ಪೊರೆ ಬಂದು ಕಣ್ಣು ಕಾಣುತ್ತಿರಲಿಲ್ಲ. ಮಗ ಕಂಪನಿ ಸೇರಿದ ಮೇಲೆ ತಾಯಿ ಮಗ ಒಂದೆಡೆ ಕೂತು ಮಾತಾಡಿದ್ದೇ ಅಪರೂಪ.

"ಗೂಳಾ, ಒಂದ ಮಾತರ ಆಡೋ ಯಪ್ಪಾ," ಎಂದು ಅವಳು ಹಾಸಿಗೆಯನ್ನು ತಡವಿದಳು. ಗೂಳಪ್ಪನ ತುಟಿ ಅಲುಗಿದವು. ಸದ್ದು ಬರಲಿಲ್ಲ.

ಶಿವಯೋಗೆಪ್ಪ ಕಸ್ತೂರೆವ್ವನ ಕಿವಿಯಲ್ಲಿ, "ಗಂಡದನಿ ಮಾಡಿ ಎರಡು ಮಾತಾಡಿಬಿಡು. ಮುದಿಕಿಗೆ ತಿಳಿಯಂಗಿಲ್ಲ, ಸಮಾಧಾನ ಆಗತೈತಿ" ಎಂದ.

"ತಾಯಿ ಮುಂದ ಸೋಗ ಹಾಕಂಗಿಲ್ಲರೀ," ಎಂದಳು ಅವಳು. ಶಿವವ್ವನ ಪಕ್ಕ ಕೂತು ಅವಳ ಕೈ ಹಿಡಿದುಕೊಂಡಳು. "ಯವ್ವಾ, ನಿನ್ನ ಮಗನ ಗಂಟಲ ಹೋಗೇತಿ. ಅಂವ ತುಟಿ ಆಡಸತಾನ, ನಾ ಓದಿ ಹೇಳತೇನಿ. ದನಿ ನಂದು. ಮಾತೆಲ್ಲಾ ಅಂವಂದ."

ಮುದುಕಿಯ ಬೆರಳುಗಳನ್ನು ಗೂಳಪ್ಪನ ತುಟಿಯ ಮೇಲಿಟ್ಟಳು. ಆರು ವರ್ಷ ಅವನ ಬೆನ್ನನ್ನೂ ಬಾಯಿಯನ್ನೂ ನೋಡಿದವಳಿಗೆ ಆ ತುಟಿಗಳು ಆಡುವ ಯಾವ ಮಾತೂ ತಿಳಿಯದೆ ಹೋಗುವಂತಿರಲಿಲ್ಲ.

"ಹೊಳಿ ತುಂಬೇತಿ. ಇಂಥಾದ್ರಾಗ ಯಾಕ ಬಂದಿಬೇ ಯವ್ವಾ?" ಗೂಳಪ್ಪನ ತುಟಿ ಆಡಿದ್ದನ್ನು ಕಸ್ತೂರೆವ್ವ ದನಿಯಲ್ಲಿ ಹೇಳಿದಳು.

ಶಿವವ್ವ ಬೆರಳನ್ನು ಇನ್ನಷ್ಟು ಒತ್ತಿ ಹಿಡಿದಳು. "ನೀ ಬರವಲ್ಲಿ, ನಾನ ಬಂದ್ನಿ."

"ಕೆಂದಾಕಳ ಈದೈತೇನು?"

"ಈದೈತಿ. ಹೆಣ್ಣ ಕರ ಹಾಕೇತಿ." ಹೇಳುತ್ತಲೇ ಮುದುಕಿ ಅಳತೊಡಗಿದಳು. ಆದರೆ ಬೆರಳು ತೆಗೆಯಲಿಲ್ಲ.

ಹೀಗೆ ತಾಯಿ ಮಗ ಬಹಳ ಹೊತ್ತು ಮಾತಾಡಿದರು. ಹೊಲದ ಬದುವಿನ ಬನ್ನಿಗಿಡ, ತೀರಿಹೋದ ಅಪ್ಪ, ಚಿಕ್ಕಂದಿನಲ್ಲಿ ತಾಯಿಯ ಸೀರೆಯುಟ್ಟು ಹೊಡೆಸಿಕೊಂಡದ್ದು. ಕಸ್ತೂರೆವ್ವ ಒಂದು ಶಬ್ದ ಸೇರಿಸಲಿಲ್ಲ, ಒಂದನ್ನು ಬಿಡಲಿಲ್ಲ. ಕೊನೆಗೊಮ್ಮೆ ಗೂಳಪ್ಪ ಅವಳನ್ನೇ ನೋಡುತ್ತ ತುಟಿ ಆಡಿಸಿದ. ಅವಳು ಸುಮ್ಮನಾದಳು.

"ಯಾಕ ನಿಂತಿ?" ಶಿವವ್ವ ಕೇಳಿದಳು. "ತುಟಿ ಅಳ್ಳಾಡತಾವಲ್ಲ. ಏನಂದ? ಹೇಳು. ಮಾತೆಲ್ಲಾ ಅಂವಂದ ಅಂತ ನೀನ ಅಂದಿ."

ಕಸ್ತೂರೆವ್ವ ಗೂಳಪ್ಪನ ಕಡೆ ನೋಡಿದಳು. ಅವನು ಅದನ್ನೇ ಮತ್ತೆ ಹೇಳಿದ. ಅವಳು ಹೇಳಲೇಬೇಕಾಯಿತು.

"ಶಾಲು ನಾ ಹೊತ್ಕೊಂಡ್ನಿ, ಯವ್ವಾ. ಮಾತ ಈಕೀದು. ಈಕಿ ಹೆಸರ ಕಸ್ತೂರೆವ್ವ. ಇದನ್ನ ನಾ ಯಾರಿಗೂ ಹೇಳಲಿಲ್ಲ. ನೀನರ ತಿಳಕೋ."

ಎಷ್ಟೋ ಆಟಗಳಲ್ಲಿ ತಡವರಿಸದ ದನಿ ಅಲ್ಲಿ ಒಡೆಯಿತು. ಶಿವವ್ವ ಇನ್ನೊಂದು ಕೈಯಿಂದ ಅವಳ ಮುಖವನ್ನು ಹುಡುಕಿ, ಗಲ್ಲ ಸವರಿದಳು.

ಮೂರನೆಯ ದಿನ ಗೂಳಪ್ಪ ತೀರಿಕೊಂಡ.

ಕರ್ಮಗಳು ಮುಗಿದ ಮೇಲೆ ಶಿವಯೋಗೆಪ್ಪ ಕಸ್ತೂರೆವ್ವನನ್ನು ಕರೆದ. "ಈಗ ಬ್ಯಾರೆ ಕಂಪನಿಯಾಗ ಹೆಣ್ಣಮಕ್ಕಳ ರಂಗದ ಮ್ಯಾಲ ಬರಾಕತ್ತಾರ. ನೀನೂ ನಿಂದರು. ರಾಣಿ ಪಾರ್ಟು ನಿಂದ."

ಅವಳು ಎರಡು ದಿನ ಯೋಚಿಸಿ ಬಂದಳು. "ನನಗ ಬ್ಯಾಡ್ರಿ. ಮಂದಿ ಕಣ್ಣ ಮುಂದ ನಿಂತರ ನನ್ನ ಲಕ್ಷ್ಯ ಸೆರಗಿನ ಮ್ಯಾಲ ಇರತೈತಿ, ಮಾತಿನ ಮ್ಯಾಲ ಇರಂಗಿಲ್ಲ. ಅಂಜಿ ಹೇಳಾಕತ್ತಿಲ್ಲ. ಮಾತಾಡೂದ ನನ್ನ ಕಸಬು, ಅದನ್ನ ನಾ ಕಲತೇನಿ. ಬ್ಯಾರೆ ನಟನ್ನ ಹುಡಕ್ರಿ, ದನಿ ಕೊಡತೇನಿ. ಖರೆ, ಮುಚ್ಚಿಡೂದು ಬ್ಯಾಡ. ಆಟದ ಮುಂಚೆ ನನ್ನ ಹೆಸರ ಹೇಳಬೇಕು."

"ಹೇಳಿದರ ಮಂದಿ ಎದ್ದ ಹೊಕ್ಕಾರ."

"ಹ್ವಾದವರು ಹೋಗಲಿ."

ರಾಣಿಯ ಪಾತ್ರಕ್ಕೆ ತೇರದಾಳದ ಆದಪ್ಪ ಸೇರಿಕೊಂಡ. ಬೀಳಗಿಯ ಮೊದಲ ಆಟದಲ್ಲಿ ಶಿವಯೋಗೆಪ್ಪ ಪರದೆಯ ಮುಂದೆ ಬಂದು, ರಾಣಿಯ ವೇಷ ಆದಪ್ಪನದು, ದನಿ ಬನಹಟ್ಟಿಯ ಕಸ್ತೂರೆವ್ವನದು, ಹಿಂದೆ ಗೂಳಪ್ಪನಿಗೆ ದನಿ ಕೊಟ್ಟವಳೂ ಅವಳೇ ಎಂದು ಹೇಳಿದ. ಗುಜುಗುಜು ಎದ್ದಿತು. "ಮೋಸ!" ಎಂದು ಯಾರೋ ಕೂಗಿದರು. ಹಿಂದಿನ ಎರಡು ಸಾಲು ಎದ್ದುಹೋದವು. ಆದಪ್ಪ ಹೆದರಿ ಮೊದಲ ಮಾತಿಗೇ ಬಾಯಿ ಆಡಿಸಲು ತಪ್ಪಿದ, ಉಳಿದವರು ನಕ್ಕರು. ಕಸ್ತೂರೆವ್ವ ನಿಲ್ಲಿಸಲಿಲ್ಲ. ರಾಣಿ ಮಗನನ್ನು ಊಟಕ್ಕೆ ಕರೆಯುವ ಹೊತ್ತಿಗೆ ನಗು ನಿಂತಿತ್ತು. ಆದರೆ ಗೂಳಪ್ಪನ ಕಾಲದ ಆ ಸ್ತಬ್ಧತೆ ಮಾತ್ರ ಬರಲಿಲ್ಲ. ಅದು ಅವಳಿಗೂ ತಿಳಿಯಿತು.

ಮರುದಿನ ಬೆಳಗಾಗುತ್ತಲೇ ಅವಳು ಆದಪ್ಪನನ್ನು ಎಬ್ಬಿಸಿ, ಬೆನ್ನು ತನ್ನ ಕಡೆಗಿರುವಂತೆ ನಿಲ್ಲಿಸಿದಳು.

"ನಿಂದು ಹೆಗಲ ಏಳಂಗಿಲ್ಲ," ಎಂದಳು ಬಹಳ ಹೊತ್ತು ನೋಡಿ. "ಉಸರ ಎಳಿಯೂಮುಂದ ಕುತಗಿ ತಿರಗತೈತಿ. ಇರಲಿ, ಕಲೀತೇನಿ. ಮೊದಲಿಂದ ಸುರು ಮಾಡು."