ಒಳಗೇನಿತ್ತು

"ಎತ್ತಬೇಡಿ," ಎಂದು ಅವಳು ಸ್ಟ್ರೆಚರಿನ ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಶವದ ಗಾಡಿ ಆಸ್ಪತ್ರೆಯ ಹಿಂಬಾಗಿಲಿಗೆ ಬಂದು ನಿಂತಾಗಿತ್ತು. ಒಂದು ಕಡೆ ಗಂಡನ ಅಣ್ಣ, ಇನ್ನೊಂದು ಕಡೆ ಗಂಡನ ಜೊತೆ ಒಂದೇ ಬಸ್ಸಿನಲ್ಲಿ ವರ್ಷಗಟ್ಟಲೆ ದುಡಿದಿದ್ದ ಕಂಡಕ್ಟರು. ಎತ್ತಲು ಬಗ್ಗಿದ್ದ ಇಬ್ಬರೂ ಬಗ್ಗಿದಲ್ಲೇ ನಿಂತರು.

"ಏನಮ್ಮಾ?" ಎಂದರು ಭಾವ.

"ಡಾಕ್ಟ್ರು ಬರ್ಲಿ ಭಾವ. ಕೊಯ್ದು ನೋಡೋಕೆ ಹೇಳ್ಬೇಕು."

"ಯಾರನ್ನ?"

"ಇವರನ್ನ. ಸೊಂಟದಿಂದ ಕೆಳಗೆ. ಒಳಗೇನಿತ್ತು ಅಂತ ನಂಗೆ ಗೊತ್ತಾಗ್ಬೇಕು."

ಯಾರಾದರೂ ಕೇಳಿಸಿಕೊಂಡರೇನೋ ಎಂದು ಭಾವ ಸುತ್ತ ನೋಡಿದರು. "ತಲೆ ಕೆಟ್ಟಿದೆಯಾ ನಿಂಗೆ? ಅಡುಗೆಮನೆ ಕಟ್ಟೆ ಹಿಡ್ಕೊಂಡು ನಿಂತಿದ್ದವನು ಕುಸಿದುಬಿದ್ದ. ಹಾರ್ಟು ನಿಂತೋಯ್ತು. ಇನ್ನು ಕೊಯ್ಯೋದೇನು ಬಂತು? ಸತ್ತವನಿಗೂ ಒಂದು ಮರ್ಯಾದೆ ಬೇಡ್ವಾ?"

"ಬದುಕಿದ್ದಾಗ ಮೈಗಳ್ಳ ಅಂದ್ರಲ್ಲ ಭಾವ, ಆವಾಗ ಎಲ್ಲಿತ್ತು ಮರ್ಯಾದೆ?"

ಮಗಳು ಬಂದು ಅಮ್ಮನ ತೋಳು ಹಿಡಿದು ನಿಂತಳು. ಬಿಡಿಸಲು ಹಿಡಿದಳೋ, ಜೊತೆಗಿರಲು ಹಿಡಿದಳೋ ಯಾರಿಗೂ ಗೊತ್ತಾಗಲಿಲ್ಲ.

"ಕೇಳೋದ್ರಲ್ಲಿ ತಪ್ಪೇನಿಲ್ಲ ಬಿಡಕ್ಕ. ನಾನು ಕರ್ಕೊಂಡು ಬರ್ತೀನಿ," ಎಂದು ಕಂಡಕ್ಟರು ಒಳಗೆ ಹೋದ.

*

ಡಿಪೋದಲ್ಲಿ ಡ್ರೈವರಾಗಿದ್ದ ಅವಳ ಗಂಡನನ್ನು ಎಲ್ಲರೂ ಬೆಣ್ಣೆ ಎಂದೇ ಕರೆಯುತ್ತಿದ್ದರು. ಅವನು ಬ್ರೇಕು ಹಾಕಿದರೆ ಸೀಟಿನಲ್ಲಿ ನಿದ್ದೆಹೋದ ಮಗುವಿಗೂ ತಿಳಿಯುತ್ತಿರಲಿಲ್ಲ. ಡಿಪೋದ ಕ್ಯಾಂಟೀನಿನಲ್ಲಿ ಟೀ ಕೊಡುತ್ತಿದ್ದ ಅವಳನ್ನು ಅವನು ಮದುವೆಯಾದಾಗ, ಬೆಣ್ಣೆ ಹಚ್ಚಿಯೇ ಒಪ್ಪಿಸಿಕೊಂಡನೆಂದು ಜೊತೆಯವರು ನಕ್ಕಿದ್ದೇ ನಕ್ಕಿದ್ದು.

ಒಂದು ಮಧ್ಯಾಹ್ನ, ಸ್ಟೇರಿಂಗ್ ಹಿಡಿದು ಕೂತಿದ್ದವನಿಗೆ ಯಾರೋ ಕೆಳಗೆ ಕೆಂಡ ಸುರಿದ ಹಾಗಾಯಿತು. ಬಸ್ಸು ನಿಲ್ಲಿಸಿ, ಸೀಟು ಎತ್ತಿ ನೋಡಿದ. ಏನೂ ಇರಲಿಲ್ಲ. ಮತ್ತೆ ಕೂತ. ಮತ್ತೆ ಕೆಂಡ.

ಆಮೇಲೆ ಅದು ಅವನನ್ನು ಬಿಡಲೇ ಇಲ್ಲ. ಕೂತರೆ ತೊಡೆಸಂದಿಯಿಂದ ಹಿಮ್ಮಡಿಯವರೆಗೆ ಉರಿ. ಮಲಗಿದರೆ ಕರೆಂಟು ಹೊಡೆದ ಹಾಗೆ ಸೆಳೆತ. ಹೊದಿಕೆಯ ಅಂಚು ತಾಗಿದರೂ ಸುಲಿದ ಗಾಯಕ್ಕೆ ತಾಗಿದಂತೆ. ನಿಂತರೆ ಮಾತ್ರ ಹೇಗೋ ತಡೆಯಬಹುದಿತ್ತು. ಹಾಗಾಗಿ ನಿಂತೇ ಉಂಡ, ನಿಂತೇ ಕ್ಷೌರ ಮಾಡಿಸಿಕೊಂಡ, ಗೋಡೆಗೆ ಹಣೆ ಒತ್ತಿ ನಿಂತೇ ತೂಕಡಿಸಿದ. ಬಸ್ಸನ್ನು ನಿಂತು ಓಡಿಸಲಾಗುವುದಿಲ್ಲವಲ್ಲ. ಅವನನ್ನು ಡಿಪೋದ ಗೇಟಿಗೆ ಹಾಕಿದರು. ತನ್ನ ಬಸ್ಸು ಇನ್ಯಾರದೋ ಕೈಯಲ್ಲಿ ಗಕ್ಕನೆ ನಿಂತು ಗಕ್ಕನೆ ಹೊರಡುವುದನ್ನು ನೋಡುತ್ತ ಸರಪಳಿ ಎತ್ತಿ ಇಳಿಸುತ್ತಿದ್ದ.

ಮಗಳು ಆಗ ಚಿಕ್ಕವಳು. ಒಂದು ಸಂಜೆ ಶಾಲೆಯಿಂದ ಓಡಿಬಂದು ಅವನ ಕಾಲು ತಬ್ಬಿಕೊಂಡಳು. ಅವನು ಕೂಗಿದ ಕೂಗಿಗೆ ಪಕ್ಕದ ಮನೆಯವರು ಬಾಗಿಲಿಗೆ ಬಂದರು. ಅಂದಿನಿಂದ ಮಗಳು ಅಪ್ಪನ ಮುಂದೆ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೇ ಮಾತಾಡುತ್ತಿದ್ದಳು. ಹೆಂಡತಿ ಕೈ ಚಾಚಿದರೂ ಅಷ್ಟೆ. ಅವನು ಬೇಡ ಅನ್ನುತ್ತಿರಲಿಲ್ಲ, ಏಟು ಬೀಳುವ ಮುಂಚೆ ಮುಚ್ಚುವವರ ಹಾಗೆ ಕಣ್ಣು ಮುಚ್ಚಿಕೊಳ್ಳುತ್ತಿದ್ದ.

ಡಾಕ್ಟರುಗಳು ಬೆನ್ನು ನೋಡಿದರು, ಸೊಂಟ ನೋಡಿದರು, ಸೂಜಿ ಚುಚ್ಚಿದರು. ಒಬ್ಬರು ನರ ಎಂದರು, ಇನ್ನೊಬ್ಬರು ಮನಸ್ಸು ಎಂದರು. ಮನಸ್ಸು ಎಂಬುದು ಕಿವಿಗೆ ಬಿದ್ದದ್ದೇ ಭಾವ, "ನೋಡೋಕೆ ಕಲ್ಲುಗುಂಡಿನ ಹಾಗಿದ್ದಾನೆ, ಕೆಲಸಕ್ಕೆ ಕಳ್ಳಬಿದ್ದು ನಾಟಕ ಆಡ್ತಾನೆ," ಎಂದು ನೆಂಟರಿಷ್ಟರಿಗೆಲ್ಲ ಹೇಳಿಕೊಂಡು ಬಂದರು. ಕಡೆಗೆ ದೊಡ್ಡ ಆಸ್ಪತ್ರೆಯಲ್ಲಿ, ಗುಡುಗುಟ್ಟುವ ಯಂತ್ರದೊಳಗೆ ಅವನನ್ನು ಮಲಗಿಸಿ ಸ್ಕ್ಯಾನ್ ಮಾಡಿದರು. ಹಲ್ಲುಕಚ್ಚಿ ಮಲಗಿದ್ದವನು ಹೊರಬಂದಾಗ ತುಟಿಯಲ್ಲಿ ರಕ್ತವಿತ್ತು.

"ಒಳ್ಳೆ ಸುದ್ದಿ. ಎಲ್ಲ ನಾರ್ಮಲ್," ಎಂದರು ಡಾಕ್ಟರು.

ಕಾರಿಡಾರಿನಲ್ಲಿ ಇನ್ಯಾವುದೋ ಮನೆಯವರು ಅದೇ ಮಾತು ಕೇಳಿ ಒಬ್ಬರನ್ನೊಬ್ಬರು ತಬ್ಬಿಕೊಂಡು ಅಳುತ್ತ ನಗುತ್ತಿದ್ದರು. ಅವನು ಅವರಿಗೆ ಬೆನ್ನು ಹಾಕಿ ನಿಂತ.

"ಗಡ್ಡೆ ಇರ್ಲಿ ಅಂತ ಬೇಡ್ಕೊಂಡಿದ್ದೆ ಕಣೇ."

"ಬಿಡ್ತು ಅನ್ರಿ!"

"ಇದ್ದಿದ್ರೆ ತೋರಿಸ್ಬೋದಿತ್ತು. ನೋಡಿ, ಇದೇ ಅಂತ. ಈಗ ಯಾರಿಗೆ ಏನು ತೋರಿಸ್ಲಿ?" ಉಸಿರು ಸಾಲದೆ ನಿಂತು ಮತ್ತೆ ಅಂದ, "ಸತ್ತ ಮೇಲಾದ್ರೂ ಕೊಯ್ದು ನೋಡೋಕೆ ಹೇಳು. ಏನಾದ್ರೂ ಒಂದು ಇದ್ದೇ ಇರುತ್ತೆ."

ಅವಳು ಅವನ ಬಾಯಿಗೆ ಕೈ ಅಡ್ಡ ಹಿಡಿದಳು. ಆದರೆ ಹೂಂ ಅಂದಳು.

*

ಬಂದ ಡಾಕ್ಟರು ಚಿಕ್ಕ ವಯಸ್ಸಿನವನು. ಅವಳು ಹೇಳಿದ್ದನ್ನೆಲ್ಲ ಅವಸರ ಮಾಡದೆ ಕೇಳಿದ.

"ಅಮ್ಮಾ, ನೀವು ಪಟ್ಟು ಹಿಡಿದ್ರೆ ಮೇಲಿನವರನ್ನ ಕೇಳಬಹುದು. ಆದ್ರೆ ನಿಮಗೆ ಸುಳ್ಳು ಹೇಳಲ್ಲ. ಕೊಯ್ದರೂ ಕಾಣಿಸಲ್ಲ."

"ಅಷ್ಟು ದೊಡ್ಡ ನೋವು, ಯಾಕೆ ಕಾಣ್ಸಲ್ಲ?"

"ನರ ಕಾಣುತ್ತೆ. ನೋವು ಕಾಣಲ್ಲ. ಅದು ಜೀವ ಇರೋ ತನಕ ಮಾತ್ರ ಇರೋದು."

"ಹಾಗಾದ್ರೆ ಇತ್ತು ಅಂತ ನಾನು ಹೇಗೆ ಹೇಳ್ಲಿ?"

"ನೀವೇ ಕಣ್ಣಾರೆ ನೋಡಿದ್ದೀರಲ್ಲ," ಎಂದ.

"ನಾನು ನೋಡಿದ್ದು ಇವರನ್ನ. ಅದನ್ನಲ್ಲ."

ಕಂಬಿ ಹಿಡಿದ ಬೆರಳುಗಳು ಒಂದೊಂದಾಗಿ ಸಡಿಲವಾದವು. ಗಂಡಸರು ಮತ್ತೆ ಬಗ್ಗಿದರು. ಸ್ಟ್ರೆಚರು ಗಾಡಿಯ ಬಾಗಿಲು ದಾಟುವಾಗ ಭಾವನ ಬಾಯಿಂದ, "ಹುಷಾರು, ಕಾಲು ತಾಗೀತು!" ಎಂಬ ಮಾತು ತಾನಾಗಿ ಬಂದುಬಿಟ್ಟಿತು. ಆಡಿದ ಮೇಲೆ ಅವರು ಯಾರ ಮುಖವನ್ನೂ ನೋಡಲಿಲ್ಲ.

*

ವಿದ್ಯುತ್ ಚಿತಾಗಾರದಲ್ಲಿ ಒಲೆಯ ಕಬ್ಬಿಣದ ಬಾಗಿಲು ಮುಚ್ಚಿದ ಮೇಲೆ ಕಾಯುವುದೊಂದೇ ಉಳಿಯಿತು. ಡಿಪೋದವರು ಅಂಗಳದ ಬೆಂಚುಗಳ ಮೇಲೆ ಕೂತು ಮಾತಿಗೆ ತೊಡಗಿದರು.

"ಎಂಥ ನೋವು ತಿಂದ ಮಾರಾಯ," ಎಂದ ಒಬ್ಬ.

"ನರಕ ಅದು. ಹಗೆಗೂ ಬೇಡ," ಎಂದ ಇನ್ನೊಬ್ಬ.

ಅವಳು ಕೇಳಿಸಿಕೊಳ್ಳುತ್ತಿದ್ದಳು. ಬದುಕಿದ್ದಾಗ ಯಾರೂ ನಂಬದಿದ್ದ ನೋವು ಸತ್ತ ದಿನ ಎಲ್ಲರ ಬಾಯಲ್ಲೂ ಇತ್ತು. ಇದರಲ್ಲಿ ಒಂದೇ ಒಂದು ಮಾತನ್ನು ಗೇಟಿನ ಹತ್ತಿರ ನಿಂತು ಆಡಿದ್ದರೆ, ಆ ದಿನ ಅವನು ಮನೆಗೆ ಬಂದು ಅದನ್ನೇ ಎಷ್ಟು ಸಲ ಹೇಳುತ್ತಿದ್ದನೋ.

"ಮುಕ್ತಿ ಸಿಕ್ತು ಬಿಡಮ್ಮಾ," ಎಂದರು ಭಾವ, ಎರಡು ಮಾರು ದೂರದಲ್ಲೇ ನಿಂತು.



ಬಿಸಿಲು ಇಳಿಯುವ ಹೊತ್ತಿಗೆ ಅಲ್ಲಿನ ಕೆಲಸದವನು ಬೂದಿಯನ್ನು ಅಗಲ ಬಾಯಿಯ ಪಾತ್ರೆಯಲ್ಲಿ ತಂದು, "ಇನ್ನೂ ಸ್ವಲ್ಪ ಬೆಚ್ಚಗಿದೆ," ಎಂದು ಕೊಟ್ಟ. ತೆಗೆದುಕೊಳ್ಳಲು ಭಾವ ಕೈ ಚಾಚುವಷ್ಟರಲ್ಲಿ ಅವಳು ಅದನ್ನು ಎತ್ತಿಕೊಂಡು, ಕಟ್ಟಡದ ಹಿಂದಿನ ಮೆಟ್ಟಿಲ ಮೇಲೆ ಕೂತು, ಮಡಿಲಲ್ಲಿಟ್ಟುಕೊಂಡಳು. ಬೂದಿಯೊಳಗೆ ಬೆರಳಿಟ್ಟಳು. ಮೂಳೆಯ ಒಂದು ಚೂರು ಸಿಕ್ಕಿತು. ಹೆಬ್ಬೆರಳಿನಿಂದ ಉಜ್ಜಿ, ಬೆಳಕಿಗೆ ಹಿಡಿದು, ಪಕ್ಕಕ್ಕೆ ಇಟ್ಟಳು. ಇನ್ನೊಂದು ಸಿಕ್ಕಿತು. ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ, ತಲೆ ಬಗ್ಗಿಸಿ, ಸ್ವಲ್ಪ ಸ್ವಲ್ಪವೇ ಈಚೆಗೆ ಎಳೆದುಕೊಳ್ಳುತ್ತ ನೋಡುತ್ತ ಹೋದಳು.

ಭಾವ ಎರಡು ಹೆಜ್ಜೆ ಮುಂದೆ ಬಂದರು. ಕಂಡಕ್ಟರು ಅವರ ಭುಜದ ಮೇಲೆ ಕೈಯಿಟ್ಟು ತಡೆದ.

ಮಗಳು ಬಂದು ಅಮ್ಮನ ಪಕ್ಕ ಕೂತಳು. ಆರಿಸಿಟ್ಟ ಚೂರುಗಳನ್ನು ನೋಡಿ ಕೇಳಿದಳು:

"ಸಿಕ್ತೇನಮ್ಮಾ?"

"ಇನ್ನೂ ಇಲ್ಲ."

ಮಗಳು ಅಂಗಿಯ ತೋಳನ್ನು ಮೇಲೇರಿಸಿಕೊಂಡು, ಪಾತ್ರೆಯನ್ನು ಇಬ್ಬರ ಮಡಿಲಿಗೂ ಸರಿಯಾಗಿ ಎಳೆದುಕೊಂಡು, ಆ ಬೆಚ್ಚನೆಯ ಬೂದಿಯೊಳಗೆ ತಾನೂ ಬೆರಳಿಳಿಸಿದಳು.