ಕುಂಕುಮ ಹತ್ತಿದ ನಕ್ಷೆ

ನಾನು ಒಂದು ಫ್ಲೆಕ್ಸ್ ನಕ್ಷೆ. ಕೊಪ್ಪಳ ಸೀಮೆಯ ಒಂದು ಪೇಟೆಯ ಪ್ರಿಂಟಿಂಗ್ ಅಂಗಡಿಯಲ್ಲಿ, ಯಾರದೋ ಮದುವೆಯ ಶುಭಾಶಯಕ್ಕೂ ಇನ್ಯಾರದೋ ಶ್ರದ್ಧಾಂಜಲಿಗೂ ನಡುವೆ ಹುಟ್ಟಿದೆ. ಹತ್ತಡಿ ಉದ್ದ, ಎಂಟಡಿ ಅಗಲ. ನನ್ನ ನೆತ್ತಿಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿತ್ತು: ‘ಪ್ರಾದೇಶಿಕ ಉದ್ಯಾನ, ಮುಂದಿನ ಮೂವತ್ತು ವರ್ಷಗಳ ಯೋಜನೆ. ನಿಮ್ಮ ಸಲಹೆಯೇ ನಮ್ಮ ದಾರಿ.’ ಹುಟ್ಟಿದ ದಿನ ಅದನ್ನು ನಾನೂ ನಂಬಿದ್ದೆ.

ಉದ್ಯಾನ ಯೋಜನೆಯ ಕಚೇರಿಯ ಗುಮಾಸ್ತ ಶಿವಪುತ್ರಪ್ಪ ನನ್ನನ್ನು ಸುರುಳಿ ಸುತ್ತಿ ಗುಡ್ಡದ ಬುಡದ ಹಳ್ಳಿಗೆ ಒಯ್ದ. ಶಾಲೆಯ ಅಂಗಳದಲ್ಲಿ ಹಾಸಿ ನಾಲ್ಕು ಮೂಲೆಗೂ ಕಲ್ಲಿಟ್ಟ. ಉದ್ಯಾನ ಬಂದರೂ ತಮಗೆ ಬಿಡಲಾಗದ ಜಾಗ ಯಾವುದೋ ಅಲ್ಲಿ ಜನ ಕೆಂಪು ಚೀಟಿ ಅಂಟಿಸಬೇಕು, ಅದು ಸಭೆಯ ಕ್ರಮ. ಚೀಟಿಗಳ ಕಟ್ಟು ಮಾತ್ರ ಕಚೇರಿಯ ಮೇಜಿನ ಮೇಲೆಯೇ ಉಳಿದಿತ್ತು.

“ಇರ್ಲಿ ಬಿಡ್ರಿ, ಕೈಲೆ ತೋರಸ್ರಿ. ನಾ ನೆನಪಿಟ್ಕೋತೀನಿ,” ಎಂದ.

ಕಸಬರಿಗೆ ಕಟ್ಟಿ ಬದುಕುವ ಹುಲಿಗೆವ್ವ ಎದ್ದು ಬಂದಳು. ನನ್ನನ್ನು ತುಳಿಯಬಾರದೆಂದು ಅಂಚಿನಲ್ಲೇ ಮೊಣಕಾಲೂರಿದಳು. ಓದು ಬಾರದ ಆ ಬೆರಳು ಹಳ್ಳದ ನೀಲಿ ಗೆರೆ ಹಿಡಿದು ನೇರವಾಗಿ ಈಚಲು ಮೆಳೆಗೆ ಬಂದು ನಿಂತಿತು.

“ಇಲ್ಲಿ ಗರಿ ಕೊಯ್ದು ಕಸಬರಿಗಿ ಕಟ್ಟತೀವ್ರಿ. ಇಲ್ಲಿ ಬೇಲಿ ಬಿದ್ರ ನಮ್ಮ ಹತ್ತು ಮನಿ ಒಲಿ ಆರತಾವ.” ಬೆರಳು ಎತ್ತಲು ಹೋಗಿ ತಡೆದಳು. “ಬರೇ ಕೈ ತೋರಿಸಿದ್ರ ಗುರ್ತು ಉಳಿತೈತೇನ್ರಿ?”

ಸೊಂಟದ ಚೀಲದಿಂದ ಕುಂಕುಮ ತೆಗೆದು, ನೀರಲ್ಲಿ ಕಲಸಿ, ಮೆಳೆಯ ಮೇಲೆ ಒತ್ತಿ ಇಟ್ಟಳು. ಉಳಿದ ಒಂಬತ್ತು ಮನೆಯವರೂ ಬಗ್ಗಿ ಅಲ್ಲೇ ಒಂದೊಂದು ಬೊಟ್ಟಿಟ್ಟರು. ಶಿವಪುತ್ರಪ್ಪ ಫೋಟೋ ತೆಗೆದ. ನನಗೆ ಹೆಮ್ಮೆಯಾಗಿತ್ತು.

ಅವನೇನೂ ಕೆಟ್ಟವನಲ್ಲ. ಆ ತಿಂಗಳು ಅಂಥ ಸಭೆ ಹದಿನಾಲ್ಕು ಮಾಡಿದ್ದ. ವರದಿ ಬರೆಯಲು ಕೂತಾಗ ಯಾರು ಏನು ಹೇಳಿದರೋ ಎಲ್ಲ ಕಲಸಿಹೋಗಿತ್ತು. ಫೋಟೋ ನೋಡಿದ. ತಲೆಬಾಗಿದ ಹೆಂಗಸರು, ಕುಂಕುಮ ಹತ್ತಿದ ನಕ್ಷೆ. ಆಯುಧಪೂಜೆಗೆ ಟೈಪ್‌ರೈಟರಿಗೂ ಕುಂಕುಮ ಹಚ್ಚುವ ಮನುಷ್ಯನಿಗೆ ಬೇರೇನು ಹೊಳೆಯಬೇಕು? ‘ಗ್ರಾಮಸ್ಥರು ನಕ್ಷೆಗೆ ಪೂಜೆ ಸಲ್ಲಿಸಿ, ಯೋಜನೆಗೆ ಸರ್ವಾನುಮತದಿಂದ ಒಪ್ಪಿದರು’ ಎಂದು ಬರೆದ. ಬಾಯಿದ್ದವರು ಬರಗಾಲದಲ್ಲೂ ಬದುಕುತ್ತಾರಂತೆ. ನನ್ನ ಮೈತುಂಬ ಅಕ್ಷರವಿತ್ತು, ಬಾಯಿರಲಿಲ್ಲ. ಕಚೇರಿಯಲ್ಲಿ ಅವನೆದುರಿನ ಗೋಡೆಯ ಮೇಲೆ ಸುಮ್ಮನೆ ತೂಗುತ್ತಿದ್ದೆ.

ಮರು ಬೇಸಿಗೆಗೆ ಮೆಳೆಯ ಸುತ್ತ ಬೇಲಿ ಬಿತ್ತು. ಗೇಟಿನ ಕಾವಲುಗಾರ ಒಳಗೆ ಬಿಡಲಿಲ್ಲವೆಂದು ಹುಲಿಗೆವ್ವ ಕುಡುಗೋಲು ಹಿಡಿದೇ ಕಚೇರಿಗೆ ಬಂದಳು. ಅಷ್ಟರಲ್ಲಿ ನಾನು ಬೀರುವಿನ ಮೇಲಿನ ಧೂಳು ಸೇರಿದ್ದೆ.

“ನಕ್ಷಿ ಬಿಚ್ರಿ ಸಾಹೇಬ್ರ. ಅದರಾಗ ನನ್ನ ಗುರ್ತು ಐತಿ.”

ಶಿವಪುತ್ರಪ್ಪ ಬಿಚ್ಚಿದ. ಹತ್ತೂ ಬೊಟ್ಟುಗಳು ಮಾಸದೆ ಉಳಿದಿದ್ದವು.

“ಐತಲ್ಲವ್ವ. ನೀವಽ ಪೂಜಿ ಮಾಡೀರಿ. ಒಪ್ಪಿದಂಗ ಆತಲ್ಲ?”

“ಪೂಜಿ ಅಲ್ರೀ ಅದು. ಬ್ಯಾಡ ಅನ್ನೋ ಗುರ್ತು.”

ಅವನು ಬಗ್ಗಿ ಬೊಟ್ಟುಗಳ ಕೆಳಗಿನ ಈಚಲು ಮೆಳೆಯನ್ನು ಬೆರಳಿನಿಂದ ಮುಟ್ಟಿದ. ಅವನಿಗೆ ಎಲ್ಲವೂ ನೆನಪಾಯಿತು, ಆ ಮುಖದಲ್ಲಿ ಕಂಡೆ. “ಮ್ಯಾಲಿನವ್ರು ಸಹಿ ಹಾಕ್ಯಾರವ್ವ. ಇನ್ನ ಮೂವತ್ತು ವರ್ಷ ಇದನ್ನ ಯಾರೂ ತಿದ್ದಂಗಿಲ್ಲ,” ಎಂದು ಮೆಲ್ಲಗೆ ಹೇಳಿದ. ಆಮೇಲೆ ನನ್ನನ್ನು ಸುತ್ತಿ ಅವಳ ಕೈಗಿಟ್ಟ. “ಒಯ್ಯಿ, ಮಾಡಿಗೆ ಹೊದಿಸಾಕ ಬರ್ತೈತಿ.”

ಈಗ ನಾನು ಹುಲಿಗೆವ್ವನ ಗುಡಿಸಲಿನ ಮಾಡು. ಚಿತ್ರವಿರುವ ಮಗ್ಗುಲನ್ನು ಅವಳು ಒಳಮುಖ ಮಾಡಿ ಹೊದಿಸಿದ್ದಾಳೆ. ಕೆಳಗೆ ಕಸಬರಿಗೆ ತೂಗುಹಾಕುತ್ತಿದ್ದ ಬಿದಿರಿನ ಗಳ ಖಾಲಿಯಿದೆ. ಅವಳು ಮಲಗಿದರೆ ಈಚಲು ಮೆಳೆ ಸರಿಯಾಗಿ ಕಣ್ಣೆದುರಿಗೇ ಬರುತ್ತದೆ. ನನ್ನಂಥ ಪ್ಲಾಸ್ಟಿಕ್ಕಿಗೆ ಬೇಗ ಸಾವಿಲ್ಲ, ಮೂವತ್ತು ವರ್ಷ ನಾನೂ ಬಾಳಿಯೇನು.

ಹೊದಿಸುವ ಮುನ್ನ ಅವಳು ಸೆರಗಿನ ತುದಿಗೆ ಉಗುಳು ಹಚ್ಚಿ ಹತ್ತೂ ಬೊಟ್ಟುಗಳನ್ನು ಒಂದೂ ಬಿಡದೆ ಒರೆಸಿದಳು. ಕಡತದಲ್ಲಿರುವ ‘ಒಪ್ಪಿದರು’ ಎಂಬ ಆ ಒಂದು ಸಾಲಿನವರೆಗೆ ಅವಳ ಸೆರಗು ತಲುಪಲಿಲ್ಲ.