ಮೀಸಲು ಅರಳಿನ ಮಿಷನ್ನು

ತಿಪಟೂರಿನ ಮಲ್ಲಿಕಾರ್ಜುನಯ್ಯನವರ ಎಲೆಕ್ಟ್ರಿಕ್ ಸಾಮಾನಿನ ಅಂಗಡಿಯ ಮೆಟ್ಟಿಲನ್ನು ದಂಡಿನಶಿವರದ ತೋಂಟದಾರ್ಯ ಆ ವಾರ ಹತ್ತಿದ್ದು ಅದು ಮೂರನೆಯ ಸಲ. ಈ ಸಲ ಜೊತೆಗೆ ಅವನವ್ವ ಶಿವರುದ್ರಮ್ಮನೂ ಇದ್ದಳು. ಕಣ್ಣಿಗೆ ಕಪ್ಪು ಕನ್ನಡಕ, ಮಡಿಲಲ್ಲಿ ಬಿಳಿಜೋಳದ ಗಂಟು.

ನಾಗರಪಂಚಮಿಗೆ ಇನ್ನೆರಡೇ ದಿನ. ಮದುವೆಯಾಗಿ ಬಂದ ವರ್ಷದಿಂದಲೂ ನಾಗಪ್ಪನ ಕಲ್ಲಿಗೆ ಏರಿಸುವ ಜೋಳದ ಅರಳನ್ನು ಶಿವರುದ್ರಮ್ಮ ತನ್ನ ಕೈಯಾರೆ ಹುರಿದವಳು. ಹೋದ ತಿಂಗಳು ಕಣ್ಣಿನ ಪೊರೆ ತೆಗೆದ ಡಾಕ್ಟರು, ಒಲೆಯ ಹೊಗೆಗೆ ಮುಖ ಕೊಟ್ಟರೆ ಕಣ್ಣು ಹೋದಂತೆಯೇ ಎಂದುಬಿಟ್ಟಿದ್ದರು. ಸೊಸೆ ಹುರಿದುಕೊಡುತ್ತೇನೆಂದರೆ ಒಪ್ಪಲಿಲ್ಲ. "ಕಣ್ಣು ಕೊಟ್ಟೋನೂ ಅವನೇ, ತಗಂಡ್ರೂ ಅವನೇ" ಎಂದು ಒಲೆಯ ಮುಂದೆ ಕೂರಲು ತಯಾರಾಗಿದ್ದಳು. ಅದಕ್ಕೇ ತೋಂಟದಾರ್ಯ ಹೊಗೆಯಿಲ್ಲದ ಪಾಪ್‌ಕಾರ್ನ್ ಮಿಷನ್ನು ಹುಡುಕಿಕೊಂಡು ಹೊರಟದ್ದು. ಮುಸುಕಿನ ಜೋಳ ಅರಳಿಸುವ ಮಿಷನ್ನಿಗೆ ಬಿಳಿಜೋಳ ಯಾವ ಲೆಕ್ಕ?

ಅಂಗಡಿಯಲ್ಲಿ ಇದ್ದದ್ದು ಎರಡು. ಒಂದು ಮುಚ್ಚಳವಿರುವ ಬಾಣಲೆಯಂಥದು. ಎಣ್ಣೆಯೋ ತುಪ್ಪವೋ ಹಾಕಬೇಕು. ಅದರಲ್ಲಿ ಮಲ್ಲಿಕಾರ್ಜುನಯ್ಯ ದಿನಾ ಅರಳಿಸಿ ಗಿರಾಕಿಗಳ ಕೈಗೆ ಹಾಕುತ್ತಿದ್ದ. ಇನ್ನೊಂದು ಬಿಸಿಗಾಳಿ ಊದುವ ಉದ್ದನೆಯದು, ಡಬ್ಬಿಯನ್ನೇ ಬಿಚ್ಚಿರಲಿಲ್ಲ. ಮೊದಲನೆಯ ಸಲ ತೋಂಟದಾರ್ಯ ಬಾಣಲೆಯದನ್ನು ಒಪ್ಪಿಕೊಂಡು ಮನೆಗೆ ಹೋಗಿ ಹೇಳಿದರೆ, "ಊರೋರೆಲ್ಲ ತಿಂದಿದ್ದಾ? ದೇವ್ರಿಗೆ ಮಾಡೋದು ಮೀಸಲಾಗಿರ್ಬೇಕು ಕಣಪ್ಪ, ಯಾರ್ ಬಾಯಿಗೂ ಬಿದ್ದಿರ್ಬಾರ್ದು" ಎಂದಳು ಅವ್ವ. ಎರಡನೆಯ ಸಲ ಡಬ್ಬಿ ಬಿಚ್ಚಿ ತೋರಿಸೆಂದರೆ ಮಲ್ಲಿಕಾರ್ಜುನಯ್ಯ ತಲೆಯಾಡಿಸಿದ. "ಬಿಚ್ಚಿದ್ರೆ ತಗೊಂಡೇ ಹೋಗ್ಬೇಕು ಕಣ್ರೀ. ಆಮೇಲೆ ಅದೂ ಎಂಜಲಾಯ್ತು, ಬ್ಯಾಡ ಅಂತ ನಿಮ್ ತಾಯೋರೇ ಅಂತಾರೆ."

ಪರೀಕ್ಷೆ ಮಾಡದೆ ಕೊಳ್ಳುವಂತಿಲ್ಲ, ಪರೀಕ್ಷೆ ಮಾಡಿದರೆ ಮೀಸಲಲ್ಲ. ಎರಡು ರಾತ್ರಿ ತೋಂಟದಾರ್ಯನಿಗೆ ಸರಿಯಾಗಿ ನಿದ್ದೆ ಹತ್ತಿರಲಿಲ್ಲ. ಕೊನೆಗೆ ಅವ್ವನನ್ನೇ ಬಸ್ಸು ಹತ್ತಿಸಿದ.

"ಬಿಚ್ಚಪ್ಪ," ಎಂದಳು ಶಿವರುದ್ರಮ್ಮ. "ನನ್ ಜೋಳ, ನನ್ ಕೈ. ಯಾರೂ ಬಾಯಿಗೆ ಹಾಕ್ಕೋಬ್ಯಾಡಿ, ಅಷ್ಟೇಯ."

ಇಷ್ಟು ಸುಲಭದ ಮಾತು ತನಗೇಕೆ ಹೊಳೆಯಲಿಲ್ಲವೋ ಎಂದು ತೋಂಟದಾರ್ಯ ನಾಲಿಗೆ ಕಚ್ಚಿಕೊಂಡ.

ಡಬ್ಬಿ ಬಿಚ್ಚಿದರು. ಅವಳು ಕಣ್ಣು ಮುಚ್ಚಿ ಶಿವನನ್ನು ನೆನೆದು ಒಂದು ಹಿಡಿ ಸುರಿದಳು. ಸ್ವಿಚ್ ಒತ್ತಿದ್ದೇ ತಡ, ಮಿಷನ್ನು ಸುಂಟರಗಾಳಿಯಂತೆ ಊದಿತು. ಹಗುರ ಜೋಳ, ಅರಳುವ ಮುಂಚೆಯೇ ಬಾಯಿಯಿಂದ ಚಿಮ್ಮಿ ಮಿಕ್ಸಿಗಳ ಮೇಲೆ, ಫ್ಯಾನುಗಳ ಮೇಲೆ, ಮಲ್ಲಿಕಾರ್ಜುನಯ್ಯನ ಬೋಳುತಲೆಯ ಮೇಲೆ ಆಲಿಕಲ್ಲಿನ ಹಾಗೆ ಉದುರಿತು.

"ಆರ್ಸ್ರೀ! ಆರ್ಸ್ರೀ!" ಎಂದು ಅವನು ಕೂಗಿದ.

ಮಿಷನ್ನು ನಿಂತಿತು. ಇನ್ನು ಅವ್ವ ಒಲೆಯ ಮುಂದೆಯೇ ಕೂರುವುದು ಎಂದುಕೊಂಡು ತೋಂಟದಾರ್ಯ ಹಣೆ ಹಿಡಿದುಕೊಂಡ.

ಶಿವರುದ್ರಮ್ಮ ಮೆಲ್ಲನೆ ಎದ್ದು ಬಾಣಲೆಯ ಮಿಷನ್ನಿನ ಹತ್ತಿರ ಹೋದಳು. ಒದ್ದೆ ಬಟ್ಟೆ ಕೇಳಿ ಈಸಿಕೊಂಡು ಒರೆಸಿದಳು. ಸೊಂಟದ ಚೀಲದಿಂದ ವಿಭೂತಿ ತೆಗೆದು ಮುಚ್ಚಳಕ್ಕೆ ಮೂರು ಬೆರಳು ಎಳೆದಳು.

"ಅವ್ವ, ಅದು ಎಂಜಲು ಅಂದ್ಯಲ್ಲ?"

"ಮಠದ ಕೊಪ್ಪರಿಗೇಲಿ ಊರೆಲ್ಲ ಉಂಡಿಲ್ವಾ? ಬೆಳಗಿ ಬೆಂಕಿ ಮೇಲಿಟ್ರೆ ಮೀಸಲೇ ಕಣೋ."

"ಮತ್ತೆ ನನ್ನ ಮೂರ್ ಸಲ ಬಸ್ಸು ಯಾಕೆ ಹತ್ತಿಸ್ದೆ?"

"ಆವಾಗ ಹೊಸದೊಂದು ಇತ್ತಲ್ಲ. ಹೊಸದಿರೋವಾಗ ದೇವ್ರಿಗೆ ಹಳೇದು ಯಾಕೆ?"

"ಬುಡಿ, ತೋಂಟದಾರ್ಯರೇ," ಎಂದ ಮಲ್ಲಿಕಾರ್ಜುನಯ್ಯ ತಲೆಯ ಜೋಳ ಕೊಡವಿಕೊಳ್ಳುತ್ತ, "ಬಿಚ್ಚಿದ್ ಆ ಮಿಷನ್ನನ್ನ ನಾನೇ ಬೇರೆ ಯಾರಿಗಾದ್ರೂ ಮಾರ್ಕೋತೀನಿ."

ಬಾಣಲೆ ಕಾದಿತು. ಒಂದು ಚಮಚ ತುಪ್ಪ, ಒಂದು ಹಿಡಿ ಜೋಳ. ಮುಚ್ಚಳದೊಳಗೆ ಚಟಪಟ ಶುರುವಾಯಿತು. ಮುದುಕಿ ಮುಖವನ್ನು ಹತ್ತಿರ ಒಡ್ಡಿ ಕಾದಳು.

"ಕಣ್ಣು ಉರೀತಿಲ್ಲ ಕಣೋ!"

ಮುಚ್ಚಳ ತೆಗೆದರೆ ಬೆಳ್ಳಗೆ ಹೂವು ಹೂವಿನಂಥ ಅರಳು. ಬೆಳಗ್ಗೆಯಿಂದ ಏನೂ ತಿನ್ನದ ತೋಂಟದಾರ್ಯನ ಕೈ ತಾನಾಗಿಯೇ ಮುಂದೆ ಹೋಯಿತು. ಅವ್ವ ಅದನ್ನು ಪಟ್ಟನೆ ಹೊಡೆದಳು.

"ಕಟ್ಟಿಸ್ರೀ ಇದನ್ನೇ," ಎಂದ ಅವನು, ಸುಸ್ತಾಗಿ. ಹೊರಗೆ ದಂಡಿನಶಿವರದ ಬಸ್ಸು ಹಾರನ್ ಹೊಡೆಯುತ್ತಿತ್ತು. "ಏಳವ್ವ, ಮಿಷನ್ನು ಮನೆಗೇ ಬತ್ತದೆ."

"ಇರೋ," ಎಂದಳು ಅವಳು ಗಂಟು ಬಿಚ್ಚುತ್ತ, "ಇನ್ನೊಂದ್ ಹಿಡಿ."